ಊರಿಗೊಂದು ಕಲ್ಲುಬೆಂಚು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಲೂರಿನ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ನಾವು ಏಳು ಜನ ಕೆಲಸ ಮಾಡುತ್ತೇವೆ. ಇಬ್ಬರು ಶಿವಾರಪಟ್ಟಣದಲ್ಲಿ ದೇವರ ಮೂರ್ತಿ ಕೆತ್ತಿ ಕೈ ಪಳಗಿದ ಆಚಾರ್ರು. ಒಬ್ಬರು ಬಡಗಿ, ಒಬ್ಬರು ಗಾರೆ ಮೇಸ್ತ್ರಿ, ಕಲಿಯಲು ಬಂದ ಇಬ್ಬರು ಹುಡುಗರು. ಲೆಕ್ಕ, ಓಡಾಟ, ಬೈಗುಳ ತಿನ್ನೋದು ನನ್ನ ಪಾಲು. ಪಾರ್ಕು, ಬಸ್ ಸ್ಟಾಪು, ಶಾಲೆ ಅಂಗಳ, ಕೆರೆ ಏರಿ, ಆಸ್ಪತ್ರೆ ಆವರಣಗಳಿಗೆ ಬೆಂಚು, ಕಟ್ಟೆ, ಸಣ್ಣಪುಟ್ಟ ಶಿಲ್ಪ ಮಾಡಿಕೊಡುತ್ತೇವೆ. ಫೋನಿನಲ್ಲಿ ಒಂದೇ ಮಾತು ನೂರು ಸಲ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಬಡಾವಣೆಗೆ ಬೆಂಚು ಬೇಕು. ಎಲ್ಲಿಂದ ಶುರು ಮಾಡಬೇಕು?

ಕಲ್ಲಿನಿಂದಲ್ಲ, ಡಿಸೈನಿನಿಂದಲೂ ಅಲ್ಲ. ಈಗ ಅಲ್ಲಿ ಜನ ಎಲ್ಲಿ ಕೂರುತ್ತಿದ್ದಾರೆ ಅಂತ ಮೊದಲು ನೋಡಿ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಧ್ಯಾಹ್ನ ಒಂದಕ್ಕೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ಹೋಗಿ ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಬೆಂಚಿಲ್ಲದ ಕಡೆಯೂ ಜನ ಕೂರುತ್ತಾರೆ. ಚರಂಡಿಯ ಚಪ್ಪಡಿ ಮೇಲೆ, ದೇವಸ್ಥಾನದ ಮೆಟ್ಟಿಲ ಮೇಲೆ, ಯಾರದೋ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ. ಅವರು ಅಲ್ಲೇ ಯಾಕೆ ಕೂತರು ಅನ್ನೋದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಊರಿನ ಬಸ್ ಸ್ಟಾಪಿಗೆ ಬೆಂಚು ಕೇಳಿದ್ದರು. ಸ್ವಾಗತ ಕಮಾನಿನ ಪಕ್ಕ, ರಸ್ತೆಗೆ ಎದುರಾಗಿ ಇಡಬೇಕು, ಬಂದವರಿಗೆಲ್ಲ ಕಾಣಬೇಕು ಅನ್ನೋದು ಅವರ ಆಸೆ. ಹೋಗಿ ನೋಡಿದರೆ ಬಸ್ಸಿಗೆ ಕಾಯುವ ಒಬ್ಬರೂ ಕಮಾನಿನ ಹತ್ತಿರ ಇರಲಿಲ್ಲ. ಎಲ್ಲರೂ ಮೂವತ್ತು ಅಡಿ ಆಚೆ ಹೊಂಗೆ ಮರದ ಕೆಳಗೆ ನಿಂತು, ಬಸ್ಸಿನ ಸದ್ದು ಕೇಳಿದ ಕೂಡಲೇ ಓಡಿಬರುತ್ತಿದ್ದರು. ಹೊಂಗೆ ಮರದ ಕೆಳಗೇ ಇಟ್ಟೆವು. ಈಗ ಬಸ್ಸೇ ಅಲ್ಲಿ ನಿಲ್ಲುತ್ತದೆ.

ನಮ್ಮ ಅರಳಿಕಟ್ಟೆಗಳನ್ನು ನೋಡಿ. ನೆರಳಿದೆ, ದುಂಡಗಿದೆ, ಮಾತು ಬೇಕಾದವರು ಎದುರಾಗಿ ಕೂರಬಹುದು, ಬೇಡವಾದವರು ಮರದ ಆಚೆ ಮಗ್ಗುಲಿಗೆ ಹೋಗಬಹುದು. ಜಗಳ ಆಡಿಕೊಂಡ ಇಬ್ಬರೂ ಒಂದೇ ಕಟ್ಟೆ ಮೇಲೆ ಸಂಜೆ ಕಳೆಯಬಹುದು. ಗೋಡೆಗೆ ಒರಗಿಸಿ ಸಾಲಾಗಿ ಇಟ್ಟ ಬೆಂಚಿನಲ್ಲಿ ಆ ಸೌಕರ್ಯ ಇಲ್ಲ. ಅದಕ್ಕೇ ಜಾಗ ಇದ್ದರೆ ನಾವು ಎರಡು ಬೆಂಚನ್ನು ಒಂದೇ ಸಾಲಿನಲ್ಲಿ ಇಡದೆ ಮೂಲೆ ಕೂಡಿಸಿ ಇಡುತ್ತೇವೆ.

ಅಳತೆ ಎಷ್ಟಿರಬೇಕು?

ಕೂರುವ ಮಟ್ಟ ನೆಲದಿಂದ 16ರಿಂದ 18 ಇಂಚು, ಅಗಲ 15ರಿಂದ 18 ಇಂಚು. ವಯಸ್ಸಾದವರು ಹೆಚ್ಚು ಬರುವ ಕಡೆ 18 ಇಂಚು ಎತ್ತರವೇ ವಾಸಿ. ತಗ್ಗು ಬೆಂಚಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ.

ಇದನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ. ಒಂದು ಸಂತೆ ಮಾಳಕ್ಕೆ ಬೆಂಚು ಇಳಿಸಿದ ದಿನ ಅಲ್ಲೇ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರನ್ನು ಕರೆದು ಕೂರಿಸಿದೆವು. ಕೂತರು, ಕೈಯಲ್ಲಿ ಸವರಿದರು, ಚೆನ್ನಾಗಿದೆ ಅಂದರು. ಆಮೇಲೆ ಏಳಲು ಹೋಗಿ ಆ ಕಡೆ ಈ ಕಡೆ ತಡಕಾಡಿ, "ಏಳಕ್ಕೆ ಏನ್ ಹಿಡ್ಕಳ್ಲಿ ಕಣಪ್ಪಾ?" ಅಂದರು. ನಮ್ಮ ಆಚಾರ್ರು ಕೈ ಕೊಟ್ಟು ಎಬ್ಬಿಸಿದರು. ವಾಪಸ್ ಬಂದವರೇ ಒಂದು ಕಲ್ಲುಕಂಬದ ತುಂಡು ತೆಗೆದು, ಹಿಡಿಗೆ ಸಿಗುವಷ್ಟು ದುಂಡಗೆ ಮಾಡಿ, ಮರುವಾರ ಹೋಗಿ ಬೆಂಚಿನ ಒಂದು ತುದಿಗೆ ನೆಟ್ಟರು. ಅಂದಿನಿಂದ ನಮ್ಮ ಪ್ರತಿ ಬೆಂಚಿಗೂ ಒಂದು ತುದಿಯಲ್ಲಿ ಕೈಹಿಡಿ ಇರುತ್ತದೆ. ಅದಕ್ಕೆ ಬೇರೆ ದುಡ್ಡು ಇಲ್ಲ.

ಇನ್ನೊಂದು ತುದಿಯ ಪಕ್ಕ ಮೂರು ಅಡಿ ಸಮತಟ್ಟು ನೆಲ ಖಾಲಿ ಬಿಡಿ. ಗಾಲಿಕುರ್ಚಿಯವರು ಅಲ್ಲಿಗೆ ಬಂದು ಮಿಕ್ಕವರ ಜೊತೆ ಸಾಲಿನಲ್ಲೇ ಇರಬಹುದು. ಬೆಂಚಿನ ಮೇಲ್ಮೈಯನ್ನು ರಸಮಟ್ಟ ಇಟ್ಟು ಪಕ್ಕಾ ಸಮ ಮಾಡಬೇಡಿ. ಮುಂದಕ್ಕೆ ಕಾಲಿಂಚು ಇಳಿಜಾರು ಇರಲಿ, ಇಲ್ಲವಾದರೆ ಮಳೆ ನಿಂತ ಮೇಲೂ ಅರ್ಧ ದಿನ ಯಾರೂ ಕೂರುವಂತಿಲ್ಲ.

ಯಾರೂ ಮಲಗದ ಹಾಗೆ ಮಧ್ಯದಲ್ಲಿ ಕಂಬಿ ಹಾಕಿ ಕೊಡುತ್ತೀರಾ?

ಇಲ್ಲ. ಕೈಹಿಡಿ ತುದಿಯಲ್ಲಿರುತ್ತದೆ, ಮಧ್ಯದಲ್ಲಿ ಅಲ್ಲ. ಮಧ್ಯಾಹ್ನ ಎರಡಕ್ಕೆ ಪಾರ್ಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚುವವರು ಯಾರು ಅಂತ ನೋಡಿದ್ದೀರಾ? ನಸುಕಿಗೇ ಎದ್ದು ರಸ್ತೆ ಗುಡಿಸಿದ ಪೌರಕಾರ್ಮಿಕರು, ಊಟ ತಂದುಕೊಡುವ ಹುಡುಗರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ರಾತ್ರಿಯೆಲ್ಲ ನಿದ್ದೆಗೆಟ್ಟವರು. ಇದರ ಬಗ್ಗೆ ನಮ್ಮೊಳಗೇ ವಾದ ಆಗಿದೆ. ಕೆಲಸ ಕೈಬಿಟ್ಟು ಹೋದರೆ ಸಂಬಳ ಯಾರು ಕೊಡ್ತಾರೆ ಅಂತ ನಮ್ಮ ಬಡಗಿ ಕೇಳಿದ್ದೂ ಉಂಟು, ಒಂದೆರಡು ಕೆಲಸ ಹೋದದ್ದೂ ಉಂಟು. ಆದರೂ ಮಾಡುವುದಿಲ್ಲ.

ಯಾವ ಕಲ್ಲು ಒಳ್ಳೆಯದು?

ಹತ್ತಿರ ಸಿಗುವ ಕಲ್ಲು. ತಮಾಷೆಗೆ ಹೇಳುತ್ತಿಲ್ಲ. ಕಲ್ಲಿನ ಬೆಲೆಗಿಂತ ಲಾರಿ ಬಾಡಿಗೆ ಹೆಚ್ಚಾಗುವುದು ನಮ್ಮ ಕಸುಬಿನಲ್ಲಿ ಮಾಮೂಲು. ಅದು ಬಿಟ್ಟರೂ, ಒಂದು ಊರಿನ ಮನೆ, ಬಾವಿ, ಗುಡಿ ಯಾವ ಕಲ್ಲಿನದೋ ಬೆಂಚೂ ಅದೇ ಕಲ್ಲಿನದಾದರೆ ಅಲ್ಲೇ ಹುಟ್ಟಿದ ಹಾಗೆ ಕಾಣುತ್ತದೆ.

ಬೆಂಗಳೂರು, ಕೋಲಾರದ ಕಡೆಗೆ ಸಾದರಹಳ್ಳಿಯಂಥ ಬೂದು ಗ್ರಾನೈಟು. ಗಟ್ಟಿ, ಬಣ್ಣ ತಿಳಿ, ಬಿಸಿಲಿಗೆ ಕಪ್ಪು ಕಲ್ಲಿನಷ್ಟು ಸುಡುವುದಿಲ್ಲ. ಚಾಮರಾಜನಗರದ ಕಪ್ಪು ಗ್ರಾನೈಟು ಪಾಲಿಶ್ ಮಾಡಿದರೆ ಕನ್ನಡಿ. ಆದರೆ ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕೂತು ನೋಡಿ. ನೆರಳಿಲ್ಲದ ಕಡೆಗೆ ಕಪ್ಪು ಕಲ್ಲು ಕೇಳಿದರೆ ನಾವು ಬೇಡ ಅನ್ನುತ್ತೇವೆ. ಇಳಕಲ್ಲಿನ ಕೆಂಪು ಗ್ರಾನೈಟು ನೋಡಲು ಬಲು ಚೆಂದ, ಆ ಸೀಮೆಯವರು ಅದನ್ನು ಬಿಟ್ಟು ನಮ್ಮ ಬೂದು ಕಲ್ಲು ತರಿಸುವುದು ಅನ್ಯಾಯ. ಕಲಬುರಗಿ ಕಡೆ ಶಹಾಬಾದ್ ಕಲ್ಲು ಹಾಸಿಗೆಯಂತೆ ಪದರಪದರವಾಗಿ ಸಿಗುತ್ತದೆ, ಬೆಂಚಿನ ಹಲಗೆಗೆ ಹೇಳಿ ಮಾಡಿಸಿದ್ದು. ಅದು ಸುಣ್ಣಕಲ್ಲಿನ ಜಾತಿ, ಆಸಿಡ್ ಹಾಕಿ ತೊಳೆದರೆ ಹೋಯಿತು. ಕರಾವಳಿಯಲ್ಲಿ ಮುರಕಲ್ಲು ಇದೆ. ಕಟ್ಟೆ ಕಟ್ಟಲು ಚೆನ್ನ, ಆದರೆ ಮೈ ಒರಟು, ಸೀರೆ ಹಿಡಿಯುತ್ತದೆ. ಆದ್ದರಿಂದ ಕೂರುವ ಜಾಗಕ್ಕೆ ಮೇಲೆ ನುಣುಪು ಕಲ್ಲಿನದೋ ಗಾರೆಯದೋ ಹಾಸು ಬೇಕು.

ಕಲ್ಲು ಆರಿಸುವಾಗ ಆಚಾರ್ರು ಮಾಡುವುದನ್ನು ನೀವೂ ಮಾಡಬಹುದು. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿ ಕೇಳಿ. ಒಳ್ಳೆ ಕಲ್ಲು ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ದದ್ ಅಂತ ಒಡೆದ ಮಡಕೆಯ ಸದ್ದು. ಆ ಚಪ್ಪಡಿ ಎಷ್ಟೇ ಚೆನ್ನಾಗಿ ಕಂಡರೂ ಬಿಡಿ.

ಬೇಲೂರು ಹಳೇಬೀಡಿನ ಹಾಗೆ ಬಳಪದ ಕಲ್ಲಿನಲ್ಲಿ ಸೂಕ್ಷ್ಮ ಕೆತ್ತನೆ ಮಾಡಬಹುದಲ್ಲ?

ಮಾಡಬಹುದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಉಗುರಿನಷ್ಟು ಸಣ್ಣ ಮಣಿಯನ್ನೂ ಬಿಡಿಸಬಹುದು. ಹೊಯ್ಸಳರ ಶಿಲ್ಪಿಗಳು ಮಾಡಿದ್ದು ಅದನ್ನೇ. ಆದರೆ ಅದು ಗುಡಿಯ ಗೋಡೆ, ನಿಮ್ಮದು ಪಾರ್ಕು. ಬಳಪ ಅಂತ ಹೆಸರೇ ಹೇಳುವ ಹಾಗೆ ಆ ಕಲ್ಲಿನ ಮೇಲೆ ಮೊಳೆಯಲ್ಲಿ ಬರೆಯಬಹುದು. ಕೈಗೆಟಕುವ ಎತ್ತರದಲ್ಲಿ ಇಟ್ಟರೆ ತಿಂಗಳೊಳಗೆ ಬಾಣ ಚುಚ್ಚಿದ ಹೃದಯ, ಅದರ ಆಚೀಚೆ ಎರಡು ಹೆಸರು ಗ್ಯಾರಂಟಿ. ಮಕ್ಕಳು ಹತ್ತಿ ಇಳಿಯುವ ಶಿಲ್ಪಕ್ಕೆ ಗ್ರಾನೈಟೇ ಸರಿ. ಅದರಲ್ಲಿ ಸೂಕ್ಷ್ಮ ಕುಸುರಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮಲಗಿದ ಎಮ್ಮೆ ಅಂದರೆ ಬೆನ್ನಿನ ಇಳಿಜಾರು, ಕೊಂಬಿನ ಬಾಗು, ಅಷ್ಟೇ. ಉಳಿದದ್ದನ್ನು ಮಕ್ಕಳ ಚಡ್ಡಿ ಉಜ್ಜಿ ಉಜ್ಜಿ ನಯ ಮಾಡುತ್ತದೆ.

ಮರದ ಬೆಂಚು? ಚನ್ನಪಟ್ಟಣದ ಗೊಂಬೆಯ ಹಾಗೆ ಬಣ್ಣಬಣ್ಣದ್ದು?

ಚನ್ನಪಟ್ಟಣದ ಕೆಲಸ ಹಾಲೆಮರದ ಮೇಲೆ ಅರಗಿನ ಬಣ್ಣ ಹಚ್ಚಿ ಮಾಡುವಂಥದು. ಮನೆಯೊಳಗಿನ ವಸ್ತು ಅದು, ಬಿಸಿಲು ಮಳೆಗೆ ಇಡುವಂಥದಲ್ಲ. ಬಯಲಿಗೆ ತೇಗ, ಹೊನ್ನೆ, ಮತ್ತಿಯಂಥ ಗಟ್ಟಿ ಮರ ಬೇಕು. ಕಾಲು ಕಲ್ಲಿನದು, ಹಲಗೆ ಮರದ್ದು ಮಾಡಿದರೆ ಗೆದ್ದಲು ನೆಲದಿಂದ ನೇರ ಮೇಲೇರುವುದು ಕಷ್ಟ, ಏರಿದರೂ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಹಲಗೆಗಳ ನಡುವೆ ಅರ್ಧ ಇಂಚು ಸಂದು ಬಿಡಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಅಗಸೆ ಎಣ್ಣೆ ಕುಡಿಸಬೇಕು. ಈ ಕೊನೆಯ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿದಾಗ ಸಭೆಯಲ್ಲಿ ಎಲ್ಲರೂ ಚಾವಣಿ ನೋಡಿದರೆ, ಕಲ್ಲಿಗೇ ಹೋಗೋಣ.

ಗಾಳಿಗೆ ಬಿದ್ದ ಮರ ಇದೆ, ಅದರಲ್ಲೇ ಮಾಡಿಕೊಡಿ ಅನ್ನುವವರು ಬಹಳ ಜನ. ಒಳ್ಳೆ ಯೋಚನೆ. ಲಾಲ್‌ಬಾಗಿನಲ್ಲಿ ಉರುಳಿದ ಮರಗಳ ದಿಮ್ಮಿಗಳಲ್ಲಿ ಕಲಾವಿದರು ಶಿಲ್ಪ ಕೆತ್ತಿದ್ದಾರೆ. ಆದರೆ ರಸ್ತೆ ಬದಿ ಬಿದ್ದ ಮರ ಯಾರಿಗೂ ಸೇರದ್ದು ಅಂದುಕೊಳ್ಳಬೇಡಿ. ಪಾಲಿಕೆಯ ಅರಣ್ಯ ವಿಭಾಗವನ್ನೋ ಅರಣ್ಯ ಇಲಾಖೆಯನ್ನೋ ಕೇಳಿ, ಕಾಗದ ಕೈಗೆ ಬಂದ ಮೇಲೆ ಗರಗಸ ಮುಟ್ಟಿ. ಹಸಿ ದಿಮ್ಮಿ ಕೊಯ್ದು ನೆರಳಲ್ಲಿ ಒಣಗಲು ಬಿಡಬೇಕು. ಆತುರಪಟ್ಟರೆ ಸೀಳುತ್ತದೆ.

ಸಿಮೆಂಟಿನ ಶಿಲ್ಪ ಕಲ್ಲಿಗಿಂತ ಕೀಳಲ್ಲವೇ?

ಈ ಮಾತು ಕೇಳಿದರೆ ನಮ್ಮ ಗಾರೆ ಮೇಸ್ತ್ರಿಗೆ ಕೋಪ ಬರುತ್ತದೆ. ಶಿಗ್ಗಾಂವಿ ಹತ್ತಿರದ ಗೊಟಗೋಡಿಗೆ ಒಮ್ಮೆ ಹೋಗಿಬನ್ನಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಉತ್ತರ ಕರ್ನಾಟಕದ ಒಂದಿಡೀ ಹಳ್ಳಿ, ಅದರ ಜನ, ದನ, ಕಸುಬು ಎಲ್ಲ ಆಳೆತ್ತರದಲ್ಲಿ ಸಿಮೆಂಟಿನಲ್ಲಿ ನಿಂತಿವೆ. ದೂರದಿಂದ ನೋಡಿದರೆ ನಿಜವಾದ ಮನುಷ್ಯರೇ ಅಂತ ಅನುಮಾನ ಬರುತ್ತದೆ. ಕಲ್ಲಿನಲ್ಲಿ ಆ ಲಘುತನ, ತಲೆ ಮೇಲಿನ ಸೆರಗು, ಎತ್ತಿದ ಕೈ ಬರಿಸುವುದು ಬಹಳ ಕಷ್ಟ, ಬಹಳ ದುಬಾರಿ.

ಕಂಬಿಯ ಹಂದರ ಕಟ್ಟಿ, ಮೇಲೆ ಕೋಳಿಬಲೆ ಸುತ್ತಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಒತ್ತಿ ಮೆತ್ತುತ್ತಾ ಹೋಗುವುದು ಕ್ರಮ. ಕೆಡುವುದು ಎರಡೇ ಕಾರಣಕ್ಕೆ. ಕಂಬಿಯ ಮೇಲೆ ಗಾರೆ ತೆಳ್ಳಗಾದರೆ ನೀರು ಒಳಗಿಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಮೈ ಒಡೆಯುತ್ತದೆ. ಎರಡನೆಯದು ನೀರುಣಿಸದೆ ಬಿಡುವುದು. ಕಡಿಮೆ ಅಂದರೆ ಏಳು ದಿನ ಒದ್ದೆ ಗೋಣಿತಾಟು ಸುತ್ತಿಡಬೇಕು. ಉದ್ಘಾಟನೆಗೆ ಮಂತ್ರಿಗಳ ಡೇಟ್ ಸಿಕ್ಕಿದೆ ಅಂತ ಮೂರನೇ ದಿನಕ್ಕೇ ತಾಟು ಬಿಚ್ಚಿಸಿದವರಿದ್ದಾರೆ. ಬಿರುಕು ಬಿಟ್ಟಾಗ ಬೈಸಿಕೊಂಡದ್ದು ಮೇಸ್ತ್ರಿ.

ಕೈಕೆಲಸ ಅಂತೀರಿ, ಮಿಷನ್ ಮುಟ್ಟುವುದೇ ಇಲ್ಲವೇ?

ಮುಟ್ಟುತ್ತೇವೆ. ಚಪ್ಪಡಿ ಸೀಳುವುದು, ಅಂಚು ಕತ್ತರಿಸುವುದು ಕಟಿಂಗ್ ಮಿಷನ್ನಿನಲ್ಲಿ. ರೂಪ ಬಿಡಿಸುವುದು, ಮೈ ಕುಟ್ಟಿ ಹದ ಮಾಡುವುದು, ಮೂಲೆ ಮುರಿಯುವುದು ಉಳಿ ಸುತ್ತಿಗೆಯಲ್ಲಿ. ಇದರಲ್ಲಿ ಶೋಕಿ ಏನಿಲ್ಲ. ಮಿಷನ್ನಿನ ನುಣುಪು ಮಳೆಯಲ್ಲಿ ಜಾರುತ್ತದೆ, ಉಳಿ ಕುಟ್ಟಿದ ಮೈ ಜಾರುವುದಿಲ್ಲ. ಜೊತೆಗೆ, ಒಂದು ಮೂಲೆ ಒಡೆದರೆ ಕೈಯಲ್ಲಿ ಕುಟ್ಟಿದ್ದನ್ನು ಅಲ್ಲೇ ಸರಿಮಾಡಬಹುದು. ಪಾಲಿಶ್ ಕಲ್ಲಿಗೆ ಹಾಕಿದ ತೇಪೆ ಎದ್ದು ಕಾಣುತ್ತದೆ.

ನಮ್ಮ ಶಾಲೆ ಮಕ್ಕಳೂ ಕೆತ್ತಬಹುದಾ?

ಕಲ್ಲು ಬೇಡ. ಧೂಳಿನ ಕಾರಣಕ್ಕೆ.

ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಇರುತ್ತದೆ. ಒಣಗಲ್ಲು ಕೊಯ್ದಾಗ ಏಳುವ ಕಣ್ಣಿಗೆ ಕಾಣದಷ್ಟು ನುಣ್ಣಗಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಅದರಿಂದ ಬರುವ ಕಾಯಿಲೆಗೆ ಸಿಲಿಕೋಸಿಸ್ ಅನ್ನುತ್ತಾರೆ. ಅದಕ್ಕೆ ವಾಸಿಮಾಡುವ ಮದ್ದಿಲ್ಲ, ಬಾರದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. 1948ರ ಕಾರ್ಖಾನೆ ಕಾಯ್ದೆಯೇ ಅದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ನಮ್ಮ ಹಿರಿಯ ಆಚಾರ್ರ ಅಣ್ಣ ಐವತ್ತು ತುಂಬುವ ಮೊದಲೇ ಹತ್ತು ಮೆಟ್ಟಿಲು ಹತ್ತಲಾರದೆ ಹೋದರು. ಟಿಬಿ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದರು. ಆ ಮನೆಯಲ್ಲಿ ಆಮೇಲೆ ಯಾರೂ ಗಂಡುಮಕ್ಕಳನ್ನು ಕಲ್ಲಿಗೆ ಹಾಕಿಲ್ಲ. ಈಗ ಶೆಡ್ಡಿನಲ್ಲಿ ಬ್ಲೇಡಿನ ಮೇಲೆ ನೀರು ಬಿಡದೆ ಮಿಷನ್ ಚಾಲೂ ಮಾಡಿದರೆ ಆಚಾರ್ರು ಬಂದು ಸ್ವಿಚ್ ಆರಿಸುತ್ತಾರೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕೇ ಬೇಕು. ನೀವು ಬೇರೆ ಯಾರಿಂದಲಾದರೂ ಕೆಲಸ ಮಾಡಿಸಿದರೂ, ನಿಮ್ಮ ಪಾರ್ಕಿನಲ್ಲೇ ಕಲ್ಲು ಕೊಯ್ಯುತ್ತಿದ್ದರೆ, ನೀರಿನ ಪೈಪು ಕೊಡಿ. ಅದು ನಿಮ್ಮ ಕೈಯಲ್ಲಿದೆ.

ಮಕ್ಕಳಿಗೆ ಜೇಡಿಮಣ್ಣು ಕೊಡುತ್ತೇವೆ. ಅವರು ಮಾಡಿದ ಮಣ್ಣಿನ ಆಮೆ, ಬಸ್ಸು, ಐದು ಕಾಲಿನ ನಾಯಿ, ಇವುಗಳಲ್ಲಿ ಒಂದನ್ನು ಅವರೇ ಆರಿಸುತ್ತಾರೆ. ಆಚಾರ್ರು ಅದನ್ನೇ ಕಲ್ಲಿಗಿಳಿಸುತ್ತಾರೆ. ಐದನೇ ಕಾಲನ್ನು ತೆಗೆಯುವುದಿಲ್ಲ. ಒಡೆದ ಟೈಲ್ಸು, ಬಳೆ ಚೂರು ಸೇರಿಸಿ ಗಾರೆ ಕಟ್ಟೆಗೆ ಅಂಟಿಸುವ ಕೆಲಸಕ್ಕೂ ಊರಿನವರೆಲ್ಲ ಕೈ ಹಾಕಬಹುದು, ಅಂಚು ಉಜ್ಜಿ ಕೊಟ್ಟಿರುತ್ತೇವೆ.

ಯಾರ ಅನುಮತಿ ಬೇಕು?

ಜಾಗ ಯಾರದೋ ಅವರದು, ಮತ್ತು ಬಾಯಿಮಾತಿನಲ್ಲಲ್ಲ. ಹಳ್ಳಿಯಾದರೆ ಗ್ರಾಮ ಪಂಚಾಯ್ತಿಯ ಠರಾವು ಆಗಬೇಕು. ರಸ್ತೆ ಲೋಕೋಪಯೋಗಿಯವರದೋ ಪಂಚಾಯ್ತಿಯದೋ ಅಂತ ಮೊದಲು ವಿಚಾರಿಸಿ. ಕೆರೆ ಏರಿಯಾದರೆ ಇನ್ನೂ ಹುಷಾರು, ಏರಿ ಅಗೆಯುವುದು ಆಟದ ಮಾತಲ್ಲ. ನಗರದ ಪಾರ್ಕುಗಳಿಗೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಸಂಘದವರು ದುಡ್ಡು ಹಾಕಿದ ಮಾತ್ರಕ್ಕೆ ಪಾರ್ಕು ಸಂಘದ್ದಾಗುವುದಿಲ್ಲ. ಫುಟ್‌ಪಾತಿನಲ್ಲಿ ಬೆಂಚಿಟ್ಟರೆ ನಡೆಯಲು 1.8 ಮೀಟರ್ ಅಗಲ ಉಳಿಯಬೇಕು ಅನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ನಮ್ಮ ಬಹುಪಾಲು ಫುಟ್‌ಪಾತುಗಳೇ ಅಷ್ಟಿಲ್ಲ, ಆದ್ದರಿಂದ ಅಲ್ಲಿಗೆ ಬೆಂಚು ಒಪ್ಪುವುದು ಅಪರೂಪ.

ಪ್ರತಿಮೆಯ ವಿಚಾರ ಬೇರೆ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ರಸ್ತೆ, ಫುಟ್‌ಪಾತು, ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಇನ್ನು ಮುಂದೆ ಯಾವುದೇ ಪ್ರತಿಮೆಗೆ ಅನುಮತಿ ಕೊಡಕೂಡದು ಅಂತ ರಾಜ್ಯ ಸರ್ಕಾರಗಳಿಗೆ ಹೇಳಿತು. ಸರ್ಕಲ್ಲಿಗೆ ಮಹನೀಯರ ಪ್ರತಿಮೆ ಮಾಡಿಕೊಡಿ ಅಂತ ಬಂದವರಿಗೆ ಇದನ್ನು ಹೇಳಿ, ಕಾಫಿ ಕುಡಿಸಿ ಕಳಿಸುತ್ತೇವೆ. ಶಾಲೆ, ಆಸ್ಪತ್ರೆಯ ಆವರಣದೊಳಗಿನ ಶಿಲ್ಪಕ್ಕೂ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೇ ಕಲ್ಲು ಆರಿಸಲು ಹೋಗುವುದು.

ಶಿಲ್ಪಕ್ಕೆ ಯಾರೋ ಅರಿಶಿನ ಕುಂಕುಮ ಇಟ್ಟುಬಿಟ್ಟರೆ?

ಇಡುತ್ತಾರೆ. ನಗಬೇಡಿ, ಇದು ನಮ್ಮ ಕಸುಬಿನ ನಿಜವಾದ ಸಮಸ್ಯೆ. ನೆಟ್ಟಗೆ ನಿಂತ ಕಲ್ಲಿಗೆ ಕೈ ಮುಗಿಯುವುದು ನಮ್ಮ ನಾಡಿನ ಅಭ್ಯಾಸ. ಊರಾಚೆ ವೀರಗಲ್ಲು, ಅರಳಿಮರದ ಬುಡಕ್ಕೆ ನಾಗರಕಲ್ಲು, ಊರ ನಡುವೆ ಕರುವುಗಲ್ಲು. ನಿಂತ ಕಲ್ಲು ಅಂದರೆ ಯಾರೋ ಯಾವುದೋ ಕಾರಣಕ್ಕೆ ನಿಲ್ಲಿಸಿದ್ದು ಅಂತ ಜನರ ಕೈಗೆ ಗೊತ್ತು.

ಒಂದು ಪಾರ್ಕಿಗೆ ನಾಲ್ಕಡಿ ಎತ್ತರದ ಕಲ್ಲೊಂದನ್ನು ಕೊಟ್ಟಿದ್ದೆವು. ದೇವರಲ್ಲ, ಪ್ರಾಣಿಯೂ ಅಲ್ಲ, ಮೊಳಕೆಯೊಡೆಯುತ್ತಿರುವ ಅವರೆಕಾಳು. ಬುಡ ದಪ್ಪ, ತುದಿ ಬಾಗಿದ್ದು. ನಾವು ಅದನ್ನು ಈಶಾನ್ಯ ಮೂಲೆಯಲ್ಲಿ, ಪೂರ್ವಕ್ಕೆ ಮುಖ ಮಾಡಿ, ಎರಡು ಮೆಟ್ಟಿಲ ಪೀಠದ ಮೇಲೆ ಇಟ್ಟೆವು. ಇಟ್ಟ ಮೇಲೆ ಆಚಾರ್ರು ದೂರ ನಿಂತು ನೋಡಿ, "ಆಯ್ತು, ಹೂವು ಬರ್ತದೆ" ಅಂದರು. ಎರಡನೇ ಶುಕ್ರವಾರ ಕುಂಕುಮ ಬಂತು. ಮುಂದಿನ ಸಲ ಹೋದಾಗ ಎಣ್ಣೆ ದೀಪ, ಒಂದು ಹುಂಡಿ ಡಬ್ಬಿ. ಪಾರ್ಕಿನ ಸಂಘದೊಳಗೆ ಎರಡು ಪಂಗಡ ಆಗಿ, ನೀವೇ ಬಂದು ತೆಗೆಯಿರಿ ಅಂತ ನಮಗೇ ಫೋನು. ತೆಗೆಯಲು ಯಾರಿಗೆ ಧೈರ್ಯ? ಕಡೆಗೆ ಒಬ್ಬ ಹಿರಿಯ ಹೆಂಗಸು, ಅದಕ್ಕೆ ದಿನಾ ಹೂವಿಡುತ್ತಿದ್ದವರೇ, ದಾರಿ ತೋರಿಸಿದರು. ಪೂಜೆ ಮಾಡಿಸಿ, ಅವರೆಕಾಳು ಹಂಚಿ, ಕಲ್ಲನ್ನು ಪೀಠದಿಂದ ಇಳಿಸಿ, ಮಕ್ಕಳ ಜಾರುಬಂಡೆ ಪಕ್ಕ ಮಲಗಿಸಿದೆವು. ಮಲಗಿದ ಕಲ್ಲಿನ ಮೇಲೆ ಮರುದಿನವೇ ಮಕ್ಕಳು ಕುದುರೆ ಸವಾರಿ ಮಾಡುತ್ತಿದ್ದವು.

ಆ ಮೇಲೆ ನಾವು ಪೀಠ ಕಟ್ಟುವುದಿಲ್ಲ. ಶಿಲ್ಪ ನೆಲದಿಂದಲೇ ಏಳಬೇಕು, ಆದಷ್ಟೂ ಅಡ್ಡಕ್ಕಿರಬೇಕು, ಮಕ್ಕಳು ಕೂರುವ ಹಾಗಿರಬೇಕು. ಮೂಲೆಗೆ ಇಡುವುದಿಲ್ಲ, ನಡೆಯುವ ದಾರಿಯಲ್ಲಿ ಇಡುತ್ತೇವೆ.

ತಂದೆಯ ನೆನಪಿಗೆ ಬೆಂಚು ಕೊಡಬೇಕು. ಹೆಸರು ಎಲ್ಲಿ ಕೆತ್ತುತ್ತೀರಿ?

ಕೂರುವ ಜಾಗದಲ್ಲಂತೂ ಅಲ್ಲ. ಶುರುವಿನಲ್ಲಿ ಒಂದು ಕುಟುಂಬ ಕೇಳಿದರು ಅಂತ ಬೆಂಚಿನ ಹಲಗೆಯ ನಡುವೆ ಚೆಂದದ ಅಕ್ಷರದಲ್ಲಿ ಕೆತ್ತಿಕೊಟ್ಟೆವು. ಐದು ಅಡಿ ಬೆಂಚಿನಲ್ಲಿ ಜನ ಎರಡು ತುದಿಗೆ ಮಾತ್ರ ಕೂರತೊಡಗಿದರು. ತೀರಿಕೊಂಡ ಹಿರಿಯರ ಹೆಸರಿನ ಮೇಲೆ, ಅದೂ ಅಕ್ಷರದ ಮೇಲೆ, ಯಾರು ಕೂರುತ್ತಾರೆ? ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅದು ನಮಗೆ ಮೊದಲೇ ಹೊಳೆಯಬೇಕಿತ್ತು. ಈಗ ಹೆಸರು ಒರಗುಗಲ್ಲಿನ ಹಿಂಬದಿಗೆ ಅಥವಾ ಪಕ್ಕದ ಕಾಲಿಗೆ, ನಿಂತವರಿಗೆ ಓದಲು ಸಿಗುವ ಹಾಗೆ. ವಚನದ ಸಾಲು ಬೇಕು ಅಂದರೂ ಅಷ್ಟೇ. ಹಾಸುಗಲ್ಲಿನಲ್ಲಿ ಅಕ್ಷರ ಕೆತ್ತುವುದಿಲ್ಲ.

ಅಕ್ಷರ ಒಂದೂವರೆ ಇಂಚಿಗಿಂತ ಚಿಕ್ಕದಿದ್ದರೆ ಒರಟು ಗ್ರಾನೈಟಿನಲ್ಲಿ ಒತ್ತಕ್ಷರ ತುಂಬಿಹೋಗುತ್ತದೆ. ಸಾಲಿನ ನಡುವೆ ಒತ್ತಿಗೆ ಧಾರಾಳ ಜಾಗ ಬಿಡಬೇಕು. ಕರಡನ್ನು ಕಂಪ್ಯೂಟರಿನಲ್ಲಿ ಕಳಿಸುವಾಗ ಚಿತ್ರವಾಗಿ ಕಳಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟಿಲ್ಲದ ಅಂಗಡಿಯಲ್ಲಿ ತೆರೆದು, ಅರ್ಕಾವೊತ್ತೆಲ್ಲ ದಿಕ್ಕಾಪಾಲಾಗಿ, ಯಾರೂ ಓದಿ ನೋಡದೆ, ಹಾಗೇ ಮಿಷನ್ನಿನಲ್ಲಿ ಕೊರೆಸಿದ ಒಂದು ಚಪ್ಪಡಿ ನಮ್ಮಲ್ಲಿದೆ. ಅದರ ಮೇಲೆ ಈಗ ಬಟ್ಟೆ ಒಗೆಯುತ್ತೇವೆ.

ದಾನಿಯ ಹೆಸರಿನ ಕೆಳಗೆ ಕೆತ್ತಿದವರ ಹೆಸರನ್ನೂ ಸಣ್ಣದಾಗಿ ಹಾಕುತ್ತೇವೆ. ಕೆಲವರು ಅದ್ಯಾಕೆ ಅನ್ನುತ್ತಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ರಾಜ ಬೇಡ ಅನ್ನಲಿಲ್ಲ, ಕ್ಷೇಮಾಭಿವೃದ್ಧಿ ಸಂಘ ಅನ್ನುತ್ತದೆ.

ಖರ್ಚು ಎಷ್ಟಾಗುತ್ತದೆ?

ಜಾಗ ನೋಡದೆ ಹೇಳಲಾಗದು. ಯಾಕೆ ಅಂತ ಮಾತ್ರ ಹೇಳುತ್ತೇನೆ. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಇಂಚು ದಪ್ಪದ ಚಪ್ಪಡಿ ಅಂದರೆ ಎರಡೂವರೆ ಘನ ಅಡಿ. ಗ್ರಾನೈಟು ಘನ ಅಡಿಗೆ ಸುಮಾರು 75 ಕೆಜಿ. ಹಲಗೆಯೊಂದೇ 190 ಕೆಜಿಯ ಹತ್ತಿರ ಬಂತು. ಕಾಲು ಸೇರಿದರೆ ಇನ್ನೂ ಮೇಲೆ. ಲಾರಿ ಪಾರ್ಕಿನ ಬಾಗಿಲವರೆಗೆ ಬರುತ್ತದೋ, ಹೈಡ್ರಾ ಕ್ರೇನು ಒಳಗೆ ನುಗ್ಗಲು ಗೇಟು ಅಗಲವಿದೆಯೋ, ಇಲ್ಲವಾದರೆ ಎಂಟು ಜನ ಹಗ್ಗ ಹಾರೆ ಹಿಡಿದು ಹೊರಬೇಕೋ, ಲೆಕ್ಕ ಅಲ್ಲಿ ಬದಲಾಗುತ್ತದೆ. ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಕೆತ್ತಿದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದ ಕತೆಯನ್ನು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ನಮ್ಮದು ಬರೀ ಬೆಂಚು, ಆದರೂ ಗೇಟು ಅಳೆಯಿರಿ.

ಇನ್ನೊಂದು ಖರ್ಚು ಯಾರ ಕಣ್ಣಿಗೂ ಕಾಣದ್ದು, ಪಾಯ. ಕೆಂಪು ಮಣ್ಣಿನಲ್ಲಿ ಒಂದೂವರೆ ಅಡಿ ಗುಂಡಿ, ಜಲ್ಲಿ, ಕಾಂಕ್ರೀಟು ಸಾಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇದನ್ನು ಅರಿಯದೆ ಎರೆ ಸೀಮೆಯ ಒಂದೂರಿನಲ್ಲಿ ಎರಡು ಕಾಲಿಗೆ ಬೇರೆ ಬೇರೆ ಪಾಯ ಹಾಕಿ ಬಂದೆವು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬೆಂಚಿನ ಒಂದು ಪಕ್ಕ ಎರಡು ಇಂಚು ಮೇಲೆದ್ದಿತ್ತು. ಕೂತವರೆಲ್ಲ ಒಂದೇ ಕಡೆ ಜರುಗುತ್ತಿದ್ದರು. ನಮ್ಮ ಖರ್ಚಿನಲ್ಲೇ ಕಿತ್ತು, ಎರೆ ತೆಗೆದು ಗರಸು ತುಂಬಿ, ಎರಡೂ ಕಾಲಿಗೆ ಸೇರಿ ಒಂದೇ ಕಾಂಕ್ರೀಟ್ ಹಾಸು ಹಾಕಿದೆವು. ಹಾಗೆಯೇ, ಕಾಲಿಗೂ ಹಲಗೆಗೂ ನಡುವಿನ ಸರಳು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸಾದಾ ಕಬ್ಬಿಣ ತುಕ್ಕಿಗೆ ಉಬ್ಬಿ ಕಲ್ಲನ್ನೇ ಸೀಳುತ್ತದೆ.

ದುಡ್ಡು ಕೊಟ್ಟು ಕೊಂಡ ಮೇಲೆ ಶಿಲ್ಪವನ್ನು ನಾವು ಏನು ಬೇಕಾದರೂ ಮಾಡಬಹುದಲ್ಲ?

ಪೂರ್ತಿ ಹಾಗಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಅವರು ಕೋರ್ಟಿಗೆ ಹೋದರು, 2005ರಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ನು, ಕೃತಿ ಮಾರಿದ ಮೇಲೂ ಅದನ್ನು ವಿರೂಪಗೊಳಿಸಬಾರದು ಎನ್ನುವ ಹಕ್ಕನ್ನು ಕಲಾವಿದರಿಗೆ ಉಳಿಸುತ್ತದೆ. ಸ್ಥಳ ಬದಲಿಸಬೇಕೆನಿಸಿದರೆ ನಮ್ಮನ್ನು ಕರೆಯಿರಿ, ಬರುತ್ತೇವೆ. ಫೋಟೊ ತೆಗೆಯಲು, ಚಿತ್ರ ಬರೆಯಲು ಯಾರ ಅಪ್ಪಣೆಯೂ ಬೇಡ. ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಶಿಲ್ಪಕ್ಕೆ ಅದೇ ಕಾಯ್ದೆ ಆ ವಿನಾಯಿತಿ ಕೊಟ್ಟಿದೆ.

ನೋಡಿಕೊಳ್ಳುವುದು ಹೇಗೆ?

ನೀರು, ತೆಂಗಿನ ನಾರಿನ ಬ್ರಷ್ಷು. ಆಸಿಡ್ ಬೇಡ. ದಯವಿಟ್ಟು ಪೇಂಟ್ ಹೊಡೆಯಬೇಡಿ, ರಾಜ್ಯೋತ್ಸವಕ್ಕೂ ಬೇಡ. ಕಲ್ಲಿಗೆ ಎನಾಮಲ್ ಬಳಿದರೆ ಒಂದು ವರ್ಷ ಮಿರುಗಿ ಆಮೇಲೆ ಸಿಪ್ಪೆ ಸುಲಿಯುತ್ತದೆ, ಕೆರೆದು ತೆಗೆಯಲು ಕೆತ್ತಿದಷ್ಟೇ ದಿನ ಬೇಕು.

ಈ ಕೆಲಸ ಕಲಿಯಲು ಎಲ್ಲಿಗೆ ಹೋಗಬೇಕು?

ಬಿಡದಿ ಹತ್ತಿರ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನವರ ಕುಶಲಕರ್ಮಿ ತರಬೇತಿ ಸಂಸ್ಥೆ ಇದೆ. ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಸಂಸ್ಥೆ ಇದೆ. ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪಕಲೆಯನ್ನು ಓದಬಹುದು. ಶಿವಾರಪಟ್ಟಣಕ್ಕೆ ಹೋದರೆ ಬೀದಿಯಲ್ಲೇ ಸುತ್ತಿಗೆ ಸದ್ದು ಕೇಳುತ್ತದೆ, ವಿನಯದಿಂದ ಕೇಳಿದರೆ ಪಕ್ಕ ಕೂರಿಸಿಕೊಳ್ಳುವವರು ಇದ್ದಾರೆ. ಮೊದಲ ಆರು ತಿಂಗಳು ಉಳಿಯ ಮೊನೆ ಹದ ಮಾಡುವುದರಲ್ಲೇ ಹೋಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಶೆಡ್ಡಿಗೆ ಬಂದು ನೋಡಬಹುದಾ?

ಬನ್ನಿ. ಅಮಾವಾಸ್ಯೆ ದಿನ ಬೇಡ, ಅವತ್ತು ಆಚಾರ್ರು ಉಳಿ ಮುಟ್ಟುವುದಿಲ್ಲ. ಹವಾಯಿ ಚಪ್ಪಲಿ ಬೇಡ, ನೆಲದ ತುಂಬ ಕಲ್ಲಿನ ಚಕ್ಕೆ. ಮನೆಯ ಹಿರಿಯರನ್ನು ಕರೆತನ್ನಿ, ಹೊರಗೆ ಮೂರು ಎತ್ತರದ ಮೂರು ಬೆಂಚು ಹಾಕಿಟ್ಟಿದ್ದೇವೆ. ಅವರು ಕೂತು, ಎದ್ದು, ಯಾವುದು ಅಂತ ಹೇಳಲಿ.